ಬೋರ್ಡ್ ಇಲ್ಲದ ಕಡೆ ಎಚ್ಚರ

ದಿನದ ಧಮ್ಮ ಚಿಂತನ





ಈ ತಿಂಗಳು ನಮ್ಮ ಬಳಗದ ಎಂಟು ಮಂದಿ ಮಕ್ಕಳು ಎಲ್‌ಎಲ್ ಪರೀಕ್ಷೆಗೆ ಓದುತ್ತಿದ್ದಾರೆ. ಭಾನುವಾರ ವಂದನೆ ಮುಗಿದ ಮೇಲೆ ಅರ್ಧ ತಾಸು ಅವರ ಜೊತೆ ಕೂತು ಸಂಚಾರ ಚಿಹ್ನೆಗಳನ್ನು ಕೇಳುತ್ತೇವೆ. ದುಂಡಗಿನ ಫಲಕ ಇದ್ದರೆ ಹೆಚ್ಚಾಗಿ ಅದು ಆಜ್ಞೆ, ತ್ರಿಕೋನ ಇದ್ದರೆ ಎಚ್ಚರಿಕೆ, ಆಯತ ಇದ್ದರೆ ಮಾಹಿತಿ. ಎಲ್ಲರಿಗೂ ಬಾಯಿಪಾಠ ಆಗಿದೆ. ಹೋದ ವಾರ ಅವರಲ್ಲಿ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದಳು: "ಕಾಕಾ, ಬೋರ್ಡ್ ಇದ್ದಲ್ಲಿ ಗೊತ್ತಾಗ್ತದ. ಬೋರ್ಡ್ ಇಲ್ದಲ್ಲಿ ಅಪಾಯ ಅದ ಅಂತ ಹ್ಯಾಂಗ ಗೊತ್ತಾಗ್ಬೇಕ್ರಿ?"

ಈ ಪ್ರಶ್ನೆ ಬರೀ ಲೈಸೆನ್ಸಿನ ಪ್ರಶ್ನೆ ಅಲ್ಲ. ಇದು ಧಮ್ಮದ ನಡುಮನೆಯ ಪ್ರಶ್ನೆ. ಇಂದು ಇದರ ಮೇಲೆ ಚಿಂತನೆ ಮಾಡೋಣ.

ಮೊದಲು ಪರೀಕ್ಷೆಯ ವಿಷಯ. ನಮ್ಮ ದೇಶದಲ್ಲಿ ಕಲಿಕಾ ಲೈಸೆನ್ಸಿನ ಪರೀಕ್ಷೆ ನಡೆಯುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ. ಸಂಚಾರ ಚಿಹ್ನೆ, ರಸ್ತೆಯ ನಿಯಮ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರ, ಅಪಘಾತವಾದರೆ ಚಾಲಕನ ಕರ್ತವ್ಯ, ಜೊತೆಗಿರಬೇಕಾದ ಕಾಗದ ಪತ್ರ ಇವುಗಳ ಮೇಲೆ ಪ್ರಶ್ನೆ ಬರುತ್ತವೆ. ಶೇ. 60ರಷ್ಟು ಉತ್ತರ ಸರಿ ಇದ್ದರೆ ಪಾಸು. ಕಲಿಕಾ ಲೈಸೆನ್ಸು 6 ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಹೋಗಬಹುದು.

ಈಗ ಬ್ರಿಟನ್ ದೇಶದ ಪರೀಕ್ಷೆ ನೋಡಿ. ಅಲ್ಲಿಗೆ ದುಡಿಯಲು ಹೋದ ನಮ್ಮ ಕನ್ನಡದ ಮಕ್ಕಳೂ ಕಾರಿನ ಲೈಸೆನ್ಸು ಬೇಕೆಂದರೆ ಇದನ್ನು ಬರೆಯುತ್ತಾರೆ. ಪ್ರಶ್ನೋತ್ತರದ ಭಾಗ ಬೇರೆ ಇದೆ. ಅದರ ಜೊತೆಗೆ 2002ರ ನವೆಂಬರಿನಿಂದ ಅಪಾಯ ಗುರುತಿಸುವ ಭಾಗ ಒಂದನ್ನು ಸೇರಿಸಿದ್ದಾರೆ. ಕಂಪ್ಯೂಟರಿನಲ್ಲಿ 14 ಸಣ್ಣ ವಿಡಿಯೋ ಬರುತ್ತವೆ. ಚಾಲಕನ ಸೀಟಿನಿಂದ ಕಂಡಂತೆ ರಸ್ತೆ ಓಡುತ್ತಿರುತ್ತದೆ. ಎಲ್ಲೋ ಒಂದು ಕಡೆ ಅಪಾಯ ಮೊಳಕೆ ಒಡೆಯಲು ಶುರುವಾಗುತ್ತದೆ. ಕಂಡ ಕೂಡಲೇ ಮೌಸ್ ಒತ್ತಬೇಕು. ಮೊಳಕೆಯಲ್ಲೇ ಕಂಡವರಿಗೆ 5 ಅಂಕ. ತಡವಾದಂತೆ 4, 3, 2, 1. ಅಪಾಯ ಮೈಮೇಲೆ ಬಂದ ಮೇಲೆ ಒತ್ತಿದರೆ ಸೊನ್ನೆ. ಒಟ್ಟು 15 ಅಪಾಯ, 75 ಅಂಕ. ಕಾರಿನವರು 44 ತೆಗೆದುಕೊಳ್ಳಬೇಕು. ಇನ್ನೊಂದು ಮಾತು ಮುಖ್ಯ. ಹೆದರಿ ಸುಮ್ಮನೆ ಟಕಟಕ ಒತ್ತುತ್ತಾ ಹೋದರೆ ಆ ವಿಡಿಯೋಗೆ ಸೊನ್ನೆಯೇ ಸಿಗುತ್ತದೆ.

ಇದರಲ್ಲಿ ಎರಡು ಪಾಠ ಇವೆ. ನಿದ್ದೆಯಲ್ಲಿದ್ದವನಿಗೂ ಸೊನ್ನೆ, ಗಾಬರಿಯಲ್ಲಿದ್ದವನಿಗೂ ಸೊನ್ನೆ. ಎಲ್ಲದಕ್ಕೂ ಅಂಜುವುದು ಎಚ್ಚರ ಆಗುವುದಿಲ್ಲ. ಭಗವಾನರು ತೋರಿಸಿದ ಮಧ್ಯಮ ಮಾರ್ಗ ಕಂಪ್ಯೂಟರಿನ ಮುಂದೆಯೂ ಇದೆ, ಹ್ಯಾಂಡಲ್ ಹಿಡಿದಾಗಲೂ ಇದೆ.

ನಮ್ಮ ಪರೀಕ್ಷೆಯಲ್ಲಿ ಆ ಭಾಗ ಇಲ್ಲ. ಆದರೆ ನಮ್ಮ ರಸ್ತೆಯಲ್ಲಿ ಇದೆ. ರಸ್ತೆ ಶೇ. 60ಕ್ಕೆ ಯಾರನ್ನೂ ಪಾಸು ಮಾಡುವುದಿಲ್ಲ.

ಪಾಲಿಯಲ್ಲಿ ಅಪ್ಪಮಾದ ಎಂಬ ಮಾತಿದೆ. ಕನ್ನಡದಲ್ಲಿ ನಾವು ಪ್ರಮಾದ ಎಂದರೆ ಆಗಿಹೋದ ತಪ್ಪು, ಅನಾಹುತ ಎಂದು ತಿಳಿಯುತ್ತೇವೆ. ಪಾಲಿಯಲ್ಲಿ ಪಮಾದ ಎಂದರೆ ಅನಾಹುತಕ್ಕೂ ಮೊದಲಿನ ಸ್ಥಿತಿ, ಅಂದರೆ ಮೈಮರೆವು. ಹಾಗಾಗಿ ಅಪ್ಪಮಾದ ಎಂದರೆ ಮೈಮರೆಯದೆ ಇರುವುದು. ಧಮ್ಮಪದದ ಎರಡನೆಯ ವರ್ಗ ಪೂರ್ತಿ ಇದರ ಮೇಲೆಯೇ ಇದೆ. ಕಾಡಿನ ಪ್ರಾಣಿಗಳ ಹೆಜ್ಜೆಗಳೆಲ್ಲ ಆನೆಯ ಹೆಜ್ಜೆಯೊಳಗೆ ಹಿಡಿಸುವ ಹಾಗೆ ಒಳ್ಳೆಯ ಗುಣಗಳೆಲ್ಲ ಅಪ್ಪಮಾದದೊಳಗೆ ಹಿಡಿಸುತ್ತವೆ ಎಂದು ಭಗವಾನರು ಹೇಳಿದ್ದಾರೆ. ಕುಸಿನಾರದಲ್ಲಿ ಕೊನೆಯ ಉಸಿರಿನ ಹೊತ್ತಿಗೆ ಭಿಕ್ಖುಗಳಿಗೆ ಹೇಳಿದ ಕಟ್ಟಕಡೆಯ ಮಾತಿನಲ್ಲೂ ಇದೇ ಪದ ಇದೆ. 45 ವರ್ಷ ಉಪದೇಶ ಮಾಡಿದ ಮೇಲೆ ಕೈಗೆ ಕೊಟ್ಟು ಹೋದ ಬುತ್ತಿ ಇದು.

ಅಷ್ಟಾಂಗ ಮಾರ್ಗದ ಸಮ್ಮಾ ವಾಯಾಮವನ್ನು ನೆನಪು ಮಾಡಿಕೊಳ್ಳಿ. ಅದರಲ್ಲಿ ನಾಲ್ಕು ಬಗೆಯ ಪ್ರಯತ್ನ. ಹುಟ್ಟಿದ ಕೇಡನ್ನು ಕಳೆಯುವುದು, ಹುಟ್ಟದ ಒಳಿತನ್ನು ಹುಟ್ಟಿಸುವುದು, ಹುಟ್ಟಿದ ಒಳಿತನ್ನು ಉಳಿಸಿ ಬೆಳೆಸುವುದು, ಇವು ಮೂರು. ಆದರೆ ಎಲ್ಲಕ್ಕಿಂತ ಮೊದಲು ಇಟ್ಟದ್ದು ಯಾವುದು? ಇನ್ನೂ ಹುಟ್ಟದ ಕೇಡು ಹುಟ್ಟದಂತೆ ತಡೆಯುವುದು. ಬ್ರೇಕ್ ಹಾಕುವುದು ಎರಡನೆಯ ಪ್ರಯತ್ನ. ಬ್ರೇಕ್ ಒತ್ತಿ ಹಿಡಿಯುವ ಪ್ರಸಂಗವೇ ಬಾರದ ಹಾಗೆ ಮೊದಲೇ ಕಾಣುವುದು ಮೊದಲನೆಯ ಪ್ರಯತ್ನ.

ಲೆಕ್ಕ ಹಾಕಿ ನೋಡಿ. ಗಾಡಿ ತಾಸಿಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕ್ ಮುಟ್ಟಲು ಒಂದರಿಂದ ಒಂದೂವರೆ ಸೆಕೆಂಡು ಬೇಕು. ಅಂದರೆ ಬ್ರೇಕ್ ಹಿಡಿಯುವುದಕ್ಕೂ ಮೊದಲೇ 17ರಿಂದ 25 ಮೀಟರ್ ಹೋಗಿಬಿಟ್ಟಿರುತ್ತದೆ. ಆಮೇಲೆ ಬ್ರೇಕಿನ ದೂರ ಬೇರೆ. ವೇಗ ಎರಡು ಪಟ್ಟಾದರೆ ಆ ದೂರ ನಾಲ್ಕು ಪಟ್ಟಾಗುತ್ತದೆ. ಮೂರು ಸೆಕೆಂಡು ಮೊಬೈಲ್ ನೋಡಿದರೆ 50 ಮೀಟರ್ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ತಾಸಿಗೆ 19 ಜೀವ. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು. ನಮ್ಮ ಓಣಿಯ ಮಕ್ಕಳ ಕೈಯಲ್ಲಿ ಇರುವುದೂ ಅದೇ ಗಾಡಿ.

ಇನ್ನು ಆ ಮಗಳ ಪ್ರಶ್ನೆಗೆ ಬರೋಣ. ಬೋರ್ಡ್ ಇಲ್ಲದಲ್ಲಿ ಹೇಗೆ ಗೊತ್ತಾಗಬೇಕು? ನಮ್ಮ ಊರಿನ ರಸ್ತೆಯೇ ಪುಸ್ತಕ. ಹುಮನಾಬಾದಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿ ಕೂಡುತ್ತವೆ. ಸೋಲಾಪುರ, ಹೈದರಾಬಾದಿನದು 65, ಬೀದರ, ಕಲಬುರಗಿಯದು 50. ನಿಂತ ಬಸ್ಸು ಕಂಡರೆ ಬಸ್ಸನ್ನಷ್ಟೇ ನೋಡಬೇಡಿ, ಅದರ ಕೆಳಗೆ ಕಾಲು ಕಾಣುತ್ತವೆಯೇ ನೋಡಿ. ಬಸ್ಸಿನ ಮುಂದಿನಿಂದ ಒಂದು ಕೂಸು ಓಡಿ ಬರಬಹುದು. ಅಡ್ಡದಾರಿಯಲ್ಲಿ ಧೂಳು ಎದ್ದರೆ ಗಾಡಿ ಬರುತ್ತಿದೆ ಎಂದು ತಿಳಿಯಿರಿ. ಮಳೆಗಾಲದಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿ ಡಾಂಬರಿನ ಮೇಲೆ ಎರೆ ಮಣ್ಣು ಬಿಟ್ಟು ಹೋಗಿರುತ್ತದೆ, ಅಲ್ಲಿ ಬ್ರೇಕ್ ಹಾಕಿದರೆ ಗಾಡಿ ಜಾರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರಾಲಿ ಎಳೆದು ಹೋಗುವ ಟ್ರ್ಯಾಕ್ಟರಿಗೆ ಎಷ್ಟೋ ಸಲ ಹಿಂದೆ ದೀಪ ಇರುವುದಿಲ್ಲ, ಕತ್ತಲಲ್ಲಿ ಮುಂದೆ ಕಪ್ಪಗೆ ಏನೋ ಇದ್ದ ಹಾಗೆ ಅನಿಸಿದರೆ ಅದು ರಸ್ತೆ ಎಂದು ನಂಬಬೇಡಿ. ಸಂಜೆ ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೋಗುವಾಗ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ನಿಮಗೆ ಎದುರಿನವನು ಕಾಣುವುದಿಲ್ಲ ಎಂದಾಗ ವೇಗ ಇಳಿಸುವುದೇ ಕಣ್ಣು. ಮಾಣಿಕನಗರದ ಜಾತ್ರೆಯ ದಿನಗಳಲ್ಲಿ ದೂರದೂರಿನ ಜನ ನಡೆದು ಬರುತ್ತಾರೆ. ಅವರಿಗೆ ಈ ರಸ್ತೆ ಹೊಸದು, ನಮಗೆ ಹಳೆಯದು. ರೂಢಿಯಾದ ರಸ್ತೆಯಲ್ಲೇ ಪಮಾದ ಬೇಗ ಬರುತ್ತದೆ.

ಇವುಗಳಲ್ಲಿ ಯಾವುದಕ್ಕೂ ಬೋರ್ಡ್ ಇಲ್ಲ. ಆದರೆ ಪ್ರತಿಯೊಂದಕ್ಕೂ ಕಾರಣ ಇದೆ, ಕಾರಣದ ಗುರುತು ಇದೆ. ಇದು ಇದ್ದರೆ ಅದು ಆಗುತ್ತದೆ ಎಂಬ ಪಟಿಚ್ಚ ಸಮುಪ್ಪಾದದ ತಿಳಿವು ಇದೇ. ಗುರುತನ್ನು ಕಂಡವನು ಫಲವನ್ನು ತಪ್ಪಿಸುತ್ತಾನೆ. ಅಪಘಾತವನ್ನು ಹಣೆಬರಹ ಎನ್ನುವವರಿಗೆ ಈ ಗುರುತುಗಳು ಕಾಣುವುದೇ ಇಲ್ಲ. ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದನ್ನು ನಾವು ಬಿಟ್ಟು ಎಷ್ಟೋ ವರ್ಷ ಆಯಿತು. ಒಳ್ಳೆಯದು. ಆದರೆ ಅದನ್ನು ಬಿಚ್ಚಿದ ಜಾಗದಲ್ಲಿ ಏನು ಕಟ್ಟಿದ್ದೇವೆ? ಹೆಲ್ಮೆಟ್ ಕಟ್ಟಿದ್ದೇವೆಯೇ?

ಈಗ ಬಾಬಾಸಾಹೇಬರ ಬದುಕಿನ ಒಂದು ಘಟನೆ. ಗಾಡಿ ಕಲಿಯುವ ನಮ್ಮ ಪ್ರತಿ ಮಗುವಿಗೂ ಇದು ಗೊತ್ತಿರಬೇಕು. ವೇಟಿಂಗ್ ಫಾರ್ ಎ ವೀಸಾ ಎಂಬ ಬರಹದಲ್ಲಿ ಅವರೇ ಇದನ್ನು ಬರೆದಿಟ್ಟಿದ್ದಾರೆ.

1929. ಅಸ್ಪೃಶ್ಯರ ಕಷ್ಟಗಳನ್ನು ವಿಚಾರಿಸಲು ಮುಂಬಯಿ ಸರಕಾರ ನೇಮಿಸಿದ ಸಮಿತಿಯಲ್ಲಿ ಬಾಬಾಸಾಹೇಬರು ಸದಸ್ಯರು. ಬಹಿಷ್ಕಾರದ ಒಂದು ಪ್ರಕರಣದ ವಿಚಾರಣೆಗಾಗಿ ಖಾನ್‌ದೇಶಕ್ಕೆ ಹೋಗಿದ್ದರು. ಚಾಳೀಸ್‌ಗಾಂವ್ ನಿಲ್ದಾಣದಲ್ಲಿ ಇಳಿದಾಗ ಅಲ್ಲಿನ ಮಹಾರ್ ಬಂಧುಗಳು ಬಂದು ಒಂದು ರಾತ್ರಿ ನಮ್ಮಲ್ಲಿ ಇರಬೇಕು ಎಂದು ಕೇಳಿಕೊಂಡರು. ಅವರು ಒಪ್ಪಿದರು. ಕೇರಿ ನಿಲ್ದಾಣದಿಂದ ಎರಡು ಮೈಲಿ. ಬ್ಯಾರಿಸ್ಟರ್ ಸಾಹೇಬರನ್ನು ನಡೆಸಿಕೊಂಡು ಹೋಗುವುದು ಗೌರವ ಅಲ್ಲ ಎಂದು ಟಾಂಗಾ ಕೇಳಿದರೆ ಒಬ್ಬ ಟಾಂಗಾದವನೂ ಓಡಿಸಲು ಒಪ್ಪಲಿಲ್ಲ. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸುವುದು ಅವನಿಗೆ ಕೀಳು. ಕೊನೆಗೆ ಟಾಂಗಾ ಬಾಡಿಗೆಗೆ ಕೊಡುತ್ತೇನೆ, ಓಡಿಸುವವನನ್ನು ನೀವೇ ನೋಡಿಕೊಳ್ಳಿ ಎಂದಾಯಿತು. ಬಂಧುಗಳಲ್ಲೇ ಒಬ್ಬ ಲಗಾಮು ಹಿಡಿದ. ಅವನು ಎಂದೂ ಟಾಂಗಾ ಓಡಿಸಿದವನಲ್ಲ.

ಸ್ವಲ್ಪ ದೂರ ಹೋಗುವಷ್ಟರಲ್ಲೇ ಒಂದು ಮೋಟಾರಿಗೆ ಡಿಕ್ಕಿ ಆಗುವುದಿತ್ತು. ಪೊಲೀಸಿನವನೊಬ್ಬ ಕೂಗಿದ್ದರಿಂದ ಉಳಿಯಿತು. ಆಮೇಲೆ ನದಿಯ ಕಿರುಸೇತುವೆ ಬಂತು. ಅದಕ್ಕೆ ಗೋಡೆ ಇಲ್ಲ, ಅಂಚಿಗೆ ಬಿಡಿಬಿಡಿ ಕಲ್ಲು ಮಾತ್ರ. ರಸ್ತೆಯಿಂದ ಸೇತುವೆಗೆ ಹೊರಳುವ ತಿರುವು ಬಹಳ ಕಡಿದು. ಕುದುರೆ ದಾರಿ ತಪ್ಪಿ ಓಡಿತು, ಗಾಲಿ ಅಂಚಿನ ಕಲ್ಲಿಗೆ ಬಡಿಯಿತು. ಬಾಬಾಸಾಹೇಬರು ಎಗರಿ ಕಲ್ಲುಹಾಸಿನ ಮೇಲೆ ಬಿದ್ದರು. ಕುದುರೆ, ಟಾಂಗಾ ನದಿಗೆ ಬಿದ್ದವು. ಕಾಲಿನ ಮೂಳೆ ಮುರಿಯಿತು, ಮೈಗೆ ಗಾಯಗಳಾದವು. ಎಷ್ಟೋ ದಿನ ಏಳಲಿಕ್ಕೆ ಆಗಲಿಲ್ಲ.

ಬಂಧುಗಳೇ, ಒಂದು ಗಳಿಗೆ ಯೋಚಿಸಿ. 1929. ಸಂವಿಧಾನ ಬರೆಯಲು ಇನ್ನೂ ಬಹಳ ವರ್ಷ ಇತ್ತು. 1956ರ ಅಕ್ಟೋಬರ್ 14ರ ನಾಗಪುರದ ದೀಕ್ಷೆಗೆ ಇನ್ನೂ 27 ವರ್ಷ ಇತ್ತು. ಆ ಕಲ್ಲುಹಾಸಿನ ಮೇಲೆ ಇವೆಲ್ಲವೂ ಮುಗಿದುಹೋಗಬಹುದಿತ್ತು.

ತಪ್ಪು ಯಾರದು? ಮೊದಲನೆಯದು ಜಾತಿಯದು. ಅದರಲ್ಲಿ ಅನುಮಾನ ಇಲ್ಲ. ಬಡ ಟಾಂಗಾದವನೂ ತನ್ನನ್ನು ಒಬ್ಬ ಬ್ಯಾರಿಸ್ಟರಿಗಿಂತ ಮೇಲಿನವನು ಎಂದು ತಿಳಿದ. ಆದರೆ ಬಾಬಾಸಾಹೇಬರು ಅಲ್ಲಿಗೇ ನಿಲ್ಲಲಿಲ್ಲ. ನಮ್ಮವರ ಬಗ್ಗೆಯೂ ಒಂದು ಮಾತು ಬರೆದರು. ನನ್ನ ಗೌರವ ಉಳಿಸುವ ಗಡಿಬಿಡಿಯಲ್ಲಿ ಅವರು ನನ್ನ ಜೀವದ ಸುರಕ್ಷೆಯನ್ನು ಮರೆತರು, ಗೌರವಕ್ಕಿಂತ ಜೀವ ದೊಡ್ಡದು ಎಂಬುದು ಅವರಿಗೆ ಹೊಳೆಯಲಿಲ್ಲ, ಎಂಬ ಅರ್ಥದ ಮಾತು. ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಭಕ್ತಿಯಲ್ಲೂ ಇರಲಿಲ್ಲ. ಕೊರತೆ ಇದ್ದದ್ದು ಅಪ್ಪಮಾದದಲ್ಲಿ. ಲಗಾಮು ಹಿಡಿದ ಆ ಬಂಧುವನ್ನು ನಾವು ದೂರಬಾರದು. ಅವನಿಗೆ ಯಾರೂ ಕಲಿಸಿರಲಿಲ್ಲ.

ಇಂದು ನಮಗೆ ಕಲಿಯಲು ಅಡ್ಡಿ ಇಲ್ಲ. ಗಾಡಿ ಇದೆ, ಪುಸ್ತಕ ಇದೆ, ಕನ್ನಡದಲ್ಲೇ ಪರೀಕ್ಷೆ ಇದೆ. ಆದರೂ ಏಪ್ರಿಲ್ 14ರ ಮೆರವಣಿಗೆಯಲ್ಲಿ ನೋಡಿ. ಗಾಡಿಯ ಮುಂದೆ ನೀಲಿ ಧ್ವಜ, ಟ್ಯಾಂಕಿನ ಮೇಲೆ ಬಾಬಾಸಾಹೇಬರ ಸ್ಟಿಕ್ಕರ್, ಸೀಟಿನ ಮೇಲೆ ಮೂವರು, ಒಬ್ಬರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಹ್ಯಾಂಡಲ್ ಹಿಡಿದವನಿಗೆ ಹದಿನೈದು ವರ್ಷ. ಒಂದು ಕಾಲಕ್ಕೆ ನಮ್ಮ ಹಿರಿಯರಿಗೆ ಚಪ್ಪಲಿ ಹಾಕಿಕೊಂಡು ಊರೊಳಗೆ ನಡೆಯಲು ಬಿಡುತ್ತಿರಲಿಲ್ಲ. ಆದ್ದರಿಂದ ಗಾಡಿ ಏರಿದಾಗ ಎದೆ ಉಬ್ಬುವುದು ಸಹಜ, ಅದು ನ್ಯಾಯವೂ ಹೌದು. ಆ ಅಭಿಮಾನವನ್ನು ಯಾರೂ ಕಸಿಯಬಾರದು. ಆದರೆ ಚಾಳೀಸ್‌ಗಾಂವ್ ಕೇಳುವ ಪ್ರಶ್ನೆ ಇದು: ಗೌರವಕ್ಕಾಗಿ ಜೀವವನ್ನು ಕಲಿಯದ ಕೈಗೆ ಕೊಡುತ್ತೀರಾ?

ಅಪ್ಪ ಅವ್ವಂದಿರಿಗೂ ಒಂದು ಮಾತು. 18 ತುಂಬದ ಮಗನಿಗೆ ಮೋಟಾರ್ ಸೈಕಲ್ ಕೀಲಿ ಕೊಟ್ಟರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೇ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗನಿಗೆ 25 ವರ್ಷ ತುಂಬುವವರೆಗೆ ಕಲಿಕಾ ಲೈಸೆನ್ಸೂ ಸಿಗುವುದಿಲ್ಲ. ಡ್ರೈವರ್ ಕೆಲಸದಿಂದ ಮನೆ ನಡೆಸುವ ನಮ್ಮಂಥವರಿಗೆ ಇದು ಸಣ್ಣ ನಷ್ಟ ಅಲ್ಲ.

ಇನ್ನು ಕೆಲವರು ಹೇಳುತ್ತಾರೆ, ಇಷ್ಟೆಲ್ಲ ಯಾಕೆ, ಏಜೆಂಟನಿಗೆ ದುಡ್ಡು ಕೊಟ್ಟರೆ ಕೂತಲ್ಲೇ ಆಗುತ್ತದೆ. ಆಧಾರ್ ಇದ್ದರೆ ಈಗ ಮನೆಯಿಂದಲೇ ಪರೀಕ್ಷೆ, ಪಕ್ಕದಲ್ಲಿ ಅಣ್ಣ ಕೂತು ಉತ್ತರ ಹೇಳಿದರಾಯಿತು. ಪಂಚಶೀಲ ತೆಗೆದುಕೊಂಡವರು ಹೀಗೆ ಹೇಳಬಹುದೇ? ಗಳಿಸದ ಲೈಸೆನ್ಸು ಕೊಡದೆ ಇದ್ದದ್ದನ್ನು ತೆಗೆದುಕೊಂಡ ಹಾಗೆ, ಅಲ್ಲಿಗೆ ಎರಡನೆಯ ಶೀಲ ಹೋಯಿತು. ನನಗೆ ಬರುತ್ತದೆ ಎಂದು ಸುಳ್ಳು ಸಹಿ ಮಾಡಿದರೆ ನಾಲ್ಕನೆಯದು ಹೋಯಿತು. ಆ ಕೈಯಿಂದ ರಸ್ತೆಯಲ್ಲಿ ಒಬ್ಬರ ಜೀವ ಹೋದರೆ ಮೊದಲನೆಯದರ ಗತಿ ಏನು? ಕುಡಿದು ಓಡಿಸುವವನ ಮಾತು ಬೇರೆ ಹೇಳಬೇಕಾಗಿಲ್ಲ. ಐದನೆಯ ಶೀಲದಲ್ಲಿ ಮದ್ಯವನ್ನು ದೂರ ಇಡುವುದಕ್ಕೆ ಕೊಟ್ಟ ಕಾರಣವೇ ಪಮಾದ. ಮದ್ಯ ಮುಟ್ಟುವುದಿಲ್ಲ ಎಂಬುದು ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಒಂದೂ ಹೌದು.

ಎಚ್ಚರವನ್ನು ಅಭ್ಯಾಸ ಮಾಡುವುದು ಹೇಗೆ? ಭಗವಾನರು ಹೇಳಿದ ಎಣ್ಣೆ ಪಾತ್ರೆಯ ದೃಷ್ಟಾಂತ ನೆನಪಿರಬಹುದು. ನಾಡಿಗೇ ಸುಂದರಿಯಾದ ಒಬ್ಬಳು ಕುಣಿಯುತ್ತಿದ್ದಾಳೆ, ಜನ ಕಿಕ್ಕಿರಿದಿದ್ದಾರೆ. ಅವಳಿಗೂ ಜನಕ್ಕೂ ನಡುವೆ ಒಬ್ಬ ಅಂಚಿನವರೆಗೆ ತುಂಬಿದ ಎಣ್ಣೆಯ ಪಾತ್ರೆ ಹೊತ್ತು ನಡೆಯಬೇಕು. ಹಿಂದೆ ಕತ್ತಿ ಹಿಡಿದವನು ಬರುತ್ತಿದ್ದಾನೆ, ಒಂದು ಹನಿ ಚೆಲ್ಲಿದರೂ ತಲೆ ಹೋಗುತ್ತದೆ. ಅವನು ಆ ಕಡೆ ಈ ಕಡೆ ಮನಸ್ಸು ಹರಿಬಿಡುತ್ತಾನೆಯೇ? ಇಂದು ಕುಣಿಯುವುದು ಜೇಬಿನೊಳಗಿನ ಮೊಬೈಲು. ಪಾತ್ರೆಯಲ್ಲಿ ಇರುವುದು ಹಿಂದಿನ ಸೀಟಿನಲ್ಲಿ ಕೂತ ತಂಗಿಯ ಜೀವ, ರಸ್ತೆ ದಾಟುವ ಮುದುಕನ ಜೀವ.

ಅಭ್ಯಾಸ ಸರಳ ಇದೆ. ಗಾಡಿ ಬೇಕಾಗಿಲ್ಲ. ಬಸವಕಲ್ಯಾಣಕ್ಕೋ ಬೀದರಕ್ಕೋ ಬಸ್ಸಿನಲ್ಲಿ ಹೋಗುವಾಗ ಮುಂದಿನ ಗಾಜು ಕಾಣುವ ಸೀಟಿನಲ್ಲಿ ಕೂತುಕೊಳ್ಳಿ. ಡ್ರೈವರಣ್ಣನನ್ನು ಮಾತಾಡಿಸಬೇಡಿ. ಹತ್ತು ನಿಮಿಷ ಮನಸ್ಸಿನಲ್ಲೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾ ಹೋಗಿ. ಈಗ ಏನು ಕಾಣುತ್ತಿದೆ? ಯಾವುದರ ಹಿಂದೆ ಏನು ಅಡಗಿರಬಹುದು? ಮುಂದಿನ ಗಳಿಗೆಯಲ್ಲಿ ಏನಾಗಬಹುದು? ಡ್ರೈವರಣ್ಣ ವೇಗ ಇಳಿಸುವ ಮೊದಲೇ ನಿಮಗೆ ಕಾರಣ ಕಂಡರೆ ನಿಮಗೆ 5 ಅಂಕ. ಅವನು ಬ್ರೇಕ್ ಹಾಕಿದ ಮೇಲೆ ಕಂಡರೆ ಸೊನ್ನೆ. ಮನಸ್ಸು ಬೇರೆಲ್ಲೋ ಹೋದದ್ದು ಗೊತ್ತಾದರೆ ಬೇಸರ ಮಾಡಿಕೊಳ್ಳದೆ ಮತ್ತೆ ರಸ್ತೆಗೆ ತನ್ನಿ. ಆನಾಪಾನದಲ್ಲಿ ಮನಸ್ಸನ್ನು ಮತ್ತೆ ಉಸಿರಿಗೆ ತರುವ ಹಾಗೆಯೇ ಇದು.

ಹೊರಗಿನ ಅಪಾಯದಷ್ಟೇ ಒಳಗಿನ ಅಪಾಯವನ್ನೂ ನೋಡಿ. ಟಂಟಂನವನು ಅಡ್ಡ ಬಂದ ಕೂಡಲೇ ಎದೆಯಲ್ಲಿ ಬಿಸಿ ಏಳುತ್ತದಲ್ಲ, ಅದೂ ಮೊಳಕೆ ಒಡೆಯುತ್ತಿರುವ ಅಪಾಯವೇ. ಓಡುವ ರಥವನ್ನು ಹಿಡಿದು ನಿಲ್ಲಿಸುವ ಹಾಗೆ ಏಳುವ ಕೋಪವನ್ನು ಹಿಡಿಯುವವನೇ ಸಾರಥಿ, ಉಳಿದವರು ಲಗಾಮು ಹಿಡಿದು ಕೂತವರು ಮಾತ್ರ ಎಂಬುದು ಧಮ್ಮಪದದ ಕ್ರೋಧ ವರ್ಗದ ಭಾವ. ಲೈಸೆನ್ಸು ಕೊಡುವ ಸರಕಾರದ ಜಾಲತಾಣದ ಹೆಸರೂ ಸಾರಥಿ ಎಂದೇ ಇದೆ.

ಕೊನೆಯದಾಗಿ ಕರುಣೆ. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಪೊಲೀಸ್ ಕೇಸಿಗೆ ಹೆದರಿ ಮುಂದೆ ಹೋಗಬೇಡಿ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ 2019ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ. 108ಕ್ಕೆ ಕರೆ ಮಾಡಿ, ರಕ್ತ ನಿಲ್ಲಿಸಿ, ಜೊತೆಗೆ ನಿಲ್ಲಿ. ಬಿದ್ದವನ ಜಾತಿ, ಊರು ಕೇಳಬೇಡಿ. ನಮಗೆ ಟಾಂಗಾ ನಿರಾಕರಿಸಿದವರ ಮೊಮ್ಮಗನೇ ಆಗಿದ್ದರೂ ಕೈ ಹಿಡಿದು ಎಬ್ಬಿಸಿ. ಧಮ್ಮ ನಮಗೆ ಕಲಿಸಿದ್ದು ಇದನ್ನೇ.

ಇಂದಿನ ಸಂಕಲ್ಪ:

ಇಂದು ನಾನು ಹತ್ತು ನಿಮಿಷ ರಸ್ತೆಯನ್ನು ಪೂರ್ಣ ಸ್ಮೃತಿಯಿಂದ ನೋಡುತ್ತೇನೆ. ಹೆಲ್ಮೆಟ್ ಇಲ್ಲದೆ ಗಾಡಿ ಏರುವುದಿಲ್ಲ, ಹಿಂದೆ ಕೂರುವವರನ್ನೂ ಏರಿಸುವುದಿಲ್ಲ. ಕಲಿಯದ ಕೈಗೆ ಕೀಲಿ ಕೊಡುವುದಿಲ್ಲ. ಕಲಿಯಬೇಕು ಎನ್ನುವವರಿಗೆ ಕಲಿಸದೆ ಇರುವುದಿಲ್ಲ.

ಮನೆಯಲ್ಲಿ 18 ತುಂಬಿದ ಹೆಣ್ಣು ಮಕ್ಕಳಿದ್ದರೆ ಅವರನ್ನೂ ಭಾನುವಾರ ವಂದನೆಗೆ ಕರೆತನ್ನಿ, ಆಮೇಲೆ ಅಭ್ಯಾಸಕ್ಕೂ ಕೂರಿಸಿ. ಲಗಾಮು ಹಿಡಿಯುವ ವಿದ್ಯೆ ಅವರಿಗೂ ಬರಲಿ.

ನಡೆಯುವವರು, ಓಡಿಸುವವರು, ರಾತ್ರಿಯೆಲ್ಲ ಲಾರಿಯಲ್ಲಿ ಎಚ್ಚರ ಇರುವವರು, ರಸ್ತೆ ಬದಿಯಲ್ಲಿ ಮಲಗುವವರು, ದಾರಿ ದಾಟುವ ಮೂಕ ಪ್ರಾಣಿಗಳು, ಎಲ್ಲರೂ ಸುರಕ್ಷಿತವಾಗಿ ಮನೆ ಸೇರಲಿ. ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು.

ಜೈ ಭೀಮ್. ನಮೋ ಬುದ್ಧಾಯ.